ಶೆಫೀಲ್ಡಿನ ಹಳೆಯ ರೇಜರಿಗೆ ಮತ್ತೆ ಹರಿತ

ಮಡಚುವ ಹಳೆಯ ರೇಜರ್ ಕೈಗೆ ಬಂದರೆ ನಾನು ಮೊದಲು ಓದುವುದು ಅದರ ಮೇಲಿನ ಅಚ್ಚನ್ನು. ಅಲಗು ಹಿಡಿಕೆಗೆ ಸೇರುವ ಕಿರಿದಾದ ಜಾಗದಲ್ಲಿ ತಯಾರಕರ ಹೆಸರು, ಊರು ಒತ್ತಿರುತ್ತದೆ. ನಕ್ಷತ್ರ ಮತ್ತು ಶಿಲುಬೆಯ ಗುರುತು ಜೊತೆಯಾಗಿದ್ದರೆ ಅದು ಶೆಫೀಲ್ಡಿನ ಜೋಸೆಫ್ ರಾಜರ್ಸ್. ಊರಿನ ಪಕ್ಕದಲ್ಲಿ ‘ಇಂಗ್ಲೆಂಡ್’ ಎಂದೂ ಇದ್ದರೆ ಬಹುಮಟ್ಟಿಗೆ 1891ರ ಈಚಿನದು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕದ 1890ರ ಸುಂಕ ಕಾಯ್ದೆ ಹೇಳಿತ್ತು. ಒಂದು ರೇಜರಿನ ಚರಿತ್ರೆಯೆಲ್ಲ ಇಷ್ಟೇ ಜಾಗದಲ್ಲಿರುತ್ತದೆ. ಹೊಳಪಿನ ಆಸೆಗೆ ಅದನ್ನು ಉಜ್ಜಿ ಅಳಿಸಬಾರದು. ತೆಗೆಯುವ ಉಕ್ಕು ಆದಷ್ಟು ಕಡಿಮೆ ಇರಬೇಕು ಎಂಬುದೇ ಈ ಕೆಲಸದಲ್ಲಿ ನನ್ನ ಹಟ.

ಆ ಉಕ್ಕು ಸಾಮಾನ್ಯದ್ದಲ್ಲ. ಬೆಂಜಮಿನ್ ಹಂಟ್ಸ್‌ಮನ್ ಗಡಿಯಾರ ಮಾಡುವವನು. ಸ್ಪ್ರಿಂಗುಗಳಿಗೆ ಒಳ್ಳೆಯ ಉಕ್ಕು ಬೇಕೆಂದು ಹುಡುಕುತ್ತ, 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ದಾರಿ ಕಂಡುಕೊಂಡ. ಕಲ್ಮಶ ಕಳೆದು ಉದ್ದಕ್ಕೂ ಒಂದೇ ಸಮನಾದ ಆ ಉಕ್ಕು ತೆಳ್ಳನೆಯ ಅಂಚನ್ನು ತಾಳಿಕೊಳ್ಳುತ್ತಿತ್ತು. ಶೆಫೀಲ್ಡಿನ ಹಳೆಯ ಅಲಗುಗಳು ಬೆಣೆಯಂತೆ ದಪ್ಪ. ಮುಂದೆ ಜರ್ಮನಿಯ ಸೋಲಿಂಗನ್ ಹೆಸರಾದದ್ದು ಎರಡೂ ಬದಿ ಒಳಕ್ಕೆ ಸವೆಸಿದ ತೆಳು ಅಲಗುಗಳಿಗೆ. ಗಡ್ಡದ ಮೇಲೆ ಸಾಗುವಾಗ ಅವು ಸಣ್ಣಗೆ ದನಿ ಮಾಡುತ್ತವೆ.

ತುಕ್ಕು ಎಲ್ಲಿದೆ ಎನ್ನುವುದು ಮುಖ್ಯ. ಬೆನ್ನಿನ ಮೇಲಿನ ಕಪ್ಪು ಕಲೆ ಇದ್ದರೆ ಇರಲಿ. ಅಂಚಿನಲ್ಲೇ ತುಕ್ಕು ಕೊರೆದ ಗುಳಿಯಿದ್ದರೆ ಮಸೆಯುವಾಗ ಉಕ್ಕು ಅಲ್ಲಿಂದ ಉದುರುತ್ತದೆ. ಬಿರುಕಿದ್ದರೆ ಆ ರೇಜರಿನ ಆಸೆ ಬಿಡಬೇಕು. ಉಳಿದದ್ದಕ್ಕೆ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ನುಣುಪಾದ ಎಮರಿ ಕಾಗದದಿಂದ ಕೈಯಲ್ಲೇ ಉಜ್ಜುತ್ತೇನೆ. ಕರೆಂಟಿನ ಚಕ್ರಕ್ಕೆ ಕೊಡುವುದಿಲ್ಲ. ಆ ಬಿಸಿಗೆ ತೆಳು ಅಂಚು ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋದಂತೆಯೇ. ಹಿಡಿಕೆ ಕೊಂಬಿನದಾದರೆ ಎಣ್ಣೆ ಹಚ್ಚಿದರೆ ಸಾಕು. ಸೆಲ್ಯುಲಾಯ್ಡ್ ಹಿಡಿಕೆ ಕೊಳೆಯತೊಡಗಿದ್ದರೆ ಅದರಿಂದ ಬರುವ ಆಮ್ಲದ ಆವಿ ಅಲಗನ್ನೇ ತಿನ್ನುತ್ತದೆ, ಬದಲಿಸಲೇಬೇಕು.

ಮಸೆಯುವಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗಿರಬೇಕು. ಎಷ್ಟು ಓರೆಯಾಗಿ ಹಿಡಿಯಬೇಕೆಂದು ನಾವು ಅಂದಾಜು ಮಾಡಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸುತ್ತದೆ. ಮಾಡಿದವರ ಜಾಣತನ ನನಗೆ ಇಲ್ಲಿ ಎದ್ದು ಕಾಣುತ್ತದೆ. 1000 ಗ್ರಿಟ್‌ನ ಕಲ್ಲಿನಲ್ಲಿ ಅಂಚು ಕೂಡಿಸಿ, 4000, 8000, 12000 ಎಂದು ನಯವಾದ ಕಲ್ಲುಗಳಿಗೆ ಹೋಗುತ್ತೇನೆ. ಕಲ್ಲಿನ ಮೇಲೆ ಅಂಚು ಮುಂದಾಗಿ ಸಾಗಬೇಕು, ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಪಟ್ಟಿಯ ಮೇಲೆ ತಿರುವು ತಪ್ಪಿದರೆ ತೊಗಲೂ ಹೋಯಿತು, ಅಂಚೂ ಹೋಯಿತು.

ಗಡ್ಡ ಬಿಸಿನೀರಿಗೆ ಮೆತ್ತಗಾಗಿ, ನೊರೆ ದಟ್ಟವಾಗಿ ಕೂತ ಮೇಲೆ ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿಯಬೇಕು. ಅಲಗು ಸುಮಾರು 30 ಡಿಗ್ರಿ ವಾಲಿರಲಿ, ಕೂದಲು ಬೆಳೆದ ದಿಕ್ಕಿನಲ್ಲೇ ಸಾಗಲಿ. ಒತ್ತಬಾರದು, ಅಡ್ಡಡ್ಡ ಜಾರಿಸಲೇಬಾರದು. ಹೊಸಬರು ಕೆನ್ನೆಯಿಂದ ಶುರು ಮಾಡಲಿ. ಗಲ್ಲ, ಮೇಲ್ದುಟಿ ಕೈ ಪಳಗಿದ ಮೇಲೆ. ಮುಗಿದೊಡನೆ ಒರೆಸಿ ಒಣಗಿಸಬೇಕು, ಎತ್ತಿಡುವಾಗ ಒಂದು ಹನಿ ಎಣ್ಣೆ ಸವರಬೇಕು. ಒಬ್ಬರ ರೇಜರ್ ಒಬ್ಬರಿಗೇ. ರಕ್ತದಿಂದ ಹರಡುವ ಸೋಂಕುಗಳ ಕಾರಣಕ್ಕೇ ನಮ್ಮ ಸೆಲೂನುಗಳಲ್ಲಿ ಪ್ರತಿ ಗಿರಾಕಿಗೂ ಅರ್ಧ ಬ್ಲೇಡ್ ಮುರಿದು ಹಾಕುತ್ತಾರೆ. ಅದು ಸರಿಯಾದ ಕ್ರಮ.

ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕರೆ ಗುಜರಿಗೆ ಹಾಕಬೇಡಿ, ಚಾಕು ಸಾಣೆಯವರ ಚಕ್ರಕ್ಕೂ ಒಡ್ಡಬೇಡಿ. ಎಣ್ಣೆ ಸವರಿ, ಅಚ್ಚು ಓದಿ, ರೇಜರ್ ಮಸೆಯಬಲ್ಲವರನ್ನು ಹುಡುಕಿ. ಅಂಚು ಗಟ್ಟಿಯಿದ್ದರೆ ಅದು ಇನ್ನೊಂದು ತಲೆಮಾರಿಗೂ ಕೆಲಸ ಮಾಡುತ್ತದೆ.