ಮುದ್ದೆಯ ಕಬ್ಬಿಣ ರಕ್ತ ಸೇರುವ ಬಗೆ

ರಾಗಿಯಲ್ಲಿ ಕಬ್ಬಿಣವಿದೆಯೆಂದು ನೀವು ತರಗತಿಯಲ್ಲಿ ಹೇಳಿರುತ್ತೀರಿ, ಇಲ್ಲವೇ ಓದಿರುತ್ತೀರಿ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿರುವುದು ನಿಜ. ಹಾಗಿದ್ದರೂ ರಾಗಿ ಬೆಳೆಯುವ ನಮ್ಮ ರಾಜ್ಯದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣಗಳು ಹಲವು. ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದು ಅವುಗಳಲ್ಲೊಂದು.

ಕಬ್ಬಿಣದ ಹೀರಿಕೆ ನಡೆಯುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಸುಲಭವಾಗಿ ಒಳಸೇರುತ್ತದೆ. ಧಾನ್ಯ, ಸೊಪ್ಪುಗಳ ಕಬ್ಬಿಣ ಬಹುಪಾಲು ಫೆರಿಕ್ ರೂಪದ್ದು. ಅದು ಫೆರಸ್ ರೂಪಕ್ಕೆ ಬದಲಾದ ಮೇಲೆಯೇ ಕರುಳಿನ ಜೀವಕೋಶವನ್ನು ಪ್ರವೇಶಿಸುತ್ತದೆ. ರಾಗಿಯಲ್ಲಿರುವ ಫೈಟೇಟ್ ಹಾಗೂ ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟು ಈ ಪ್ರವೇಶಕ್ಕೆ ಅಡ್ಡಿಯಾಗುತ್ತವೆ.

ರಕ್ತಕ್ಕೆ ಬಂದ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅಸ್ಥಿಮಜ್ಜೆಗೆ ಒಯ್ಯುತ್ತದೆ. ಅಲ್ಲಿ ಅದು ಹೀಮೋಗ್ಲೋಬಿನ್ ತಯಾರಿಕೆಗೆ ಬಳಕೆಯಾಗುತ್ತದೆ. ಮಿಕ್ಕದ್ದು ಮುಖ್ಯವಾಗಿ ಯಕೃತ್ತಿನಲ್ಲಿ ಫೆರಿಟಿನ್ ಪ್ರೋಟೀನಿನೊಳಗೆ ಸಂಗ್ರಹವಾಗುತ್ತದೆ. ಒಂದೊಂದು ಫೆರಿಟಿನ್ ಅಣು ಸುಮಾರು 4,500 ಕಬ್ಬಿಣದ ಪರಮಾಣುಗಳಿಗೆ ಎಡೆ ಕೊಡಬಲ್ಲದು! ಸುಮಾರು 120 ದಿನ ಬಾಳಿದ ಕೆಂಪು ರಕ್ತಕಣಗಳು ನಾಶವಾದಾಗ ಅವುಗಳ ಕಬ್ಬಿಣ ಮರುಬಳಕೆಯಾಗುತ್ತದೆ. ಹೀಗೆ ದಿನಕ್ಕೆ 20-25 ಮಿಲಿಗ್ರಾಂ ದೊರೆಯುವುದರಿಂದ, ಕರುಳು ಹೀರಬೇಕಾದುದು ದೇಹದಿಂದ ನಷ್ಟವಾಗುವ 1-2 ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ಆದ್ದರಿಂದ ಸಂಗ್ರಹ ತುಂಬಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸ್ರವಿಸಿ ಹೀರಿಕೆಯನ್ನು ತಗ್ಗಿಸುತ್ತದೆ.

ಆ 1-2 ಮಿಲಿಗ್ರಾಂ ದಕ್ಕಿಸಿಕೊಳ್ಳುವುದು ಹೇಗೆ? ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ಪ್ರಶ್ನೆಗೆ ಅಡುಗೆಮನೆಯಲ್ಲೇ ಉತ್ತರ ಹುಡುಕಿದರು. ಧಾನ್ಯ, ಕಾಳುಗಳೊಂದಿಗೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಸೇರಿಸಿದಾಗ ಹೀರಿಕೆಗೆ ಲಭ್ಯವಾಗುವ ಕಬ್ಬಿಣ ಶೇ. 9ರಿಂದ 66ರವರೆಗೆ ಹೆಚ್ಚಿತೆಂದು ಅವರು 2010ರಲ್ಲಿ ಪ್ರಕಟಿಸಿದರು. ಇದು ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ ಪಡೆದ ಫಲಿತಾಂಶ, ಮನುಷ್ಯರ ಮೇಲಿನ ಪರೀಕ್ಷೆಯಲ್ಲ ಎಂಬುದನ್ನು ಗಮನಿಸಿ. ರಾಗಿ, ಹೆಸರುಕಾಳುಗಳನ್ನು ಮೊಳಕೆ ಕಟ್ಟಿದರೂ ಪ್ರಯೋಜನವುಂಟು. ಮೊಳೆಯುವಾಗ ಫೈಟೇಸ್ ಕಿಣ್ವವು ಫೈಟೇಟನ್ನು ಒಡೆಯುತ್ತದೆ.

ಹುಳಿಯೂ ಸಹಕಾರಿ. ನಿಂಬೆ, ನೆಲ್ಲಿಕಾಯಿಗಳ ಸಿ ಜೀವಸತ್ವ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸುತ್ತದೆ. ಊಟದೊಡನೆ ಕುಡಿದ ಕಾಫಿ, ಟೀ ಇದಕ್ಕೆ ವಿರುದ್ಧವಾಗಿ ಹೀರಿಕೆಯನ್ನು ಕುಂದಿಸುತ್ತವೆ. ಅವನ್ನು ಒಂದು ಗಂಟೆ ಮುಂದೂಡಿ. ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಹಂಚುವ ಶಿಕ್ಷಕರು ಮಕ್ಕಳಿಗೆ ಇಷ್ಟು ತಿಳಿಸಬಹುದು: ಊಟವಾದ ಮೇಲೆ ಮಾತ್ರೆಯನ್ನು ನೀರಿನೊಡನೆ ನುಂಗಿ, ಟೀ ಜೊತೆ ಬೇಡ.