ಮಂಚೂ ದೊರೆಯೂ ಹಾಲೇರಿಯ ವೀರರಾಜನೂ

ಪ್ರಶ್ನೆ: ಹೊರಗಿನಿಂದ ಬಂದ ಮಂಚೂಗಳು ಚೀನಾವನ್ನೇ ಆಳಿದರಂತೆ. ನಮ್ಮ ಕಡೆ ಅಂಥ ರಾಜವಂಶ ಇತ್ತೇ?
– ಓದುಗರೊಬ್ಬರು, ಉಪ್ಪಿನಂಗಡಿ

ಉತ್ತರ: ಇತ್ತು, ಅದೂ ನಿಮ್ಮ ನೆರೆಯಲ್ಲೇ. ಸುಳ್ಯ, ಪುತ್ತೂರು ಸೀಮೆಗಳು 1834ರವರೆಗೆ ಕೊಡಗಿನ ಹಾಲೇರಿ ಅರಸರ ಕೈಯಲ್ಲಿದ್ದವು.

ಮಂಚೂಗಳ ಏಳಿಗೆಗೆ ಸೈನ್ಯವೇ ಬುನಾದಿ. ಚದುರಿದ್ದ ಜುರ್ಚೆನ್ ಬುಡಕಟ್ಟುಗಳನ್ನು ಎಂಟು ಪತಾಕೆಗಳ ದಂಡಾಗಿ ಕಟ್ಟಿದ ನುರ್ಹಾಚಿ 1616ರಲ್ಲಿ ರಾಜ್ಯ ಸ್ಥಾಪಿಸಿದ. ಮಗ ಹಾಂಗ್ ತೈಜಿ 1636ರಲ್ಲಿ ಅದಕ್ಕೆ ಚಿಂಗ್ ಎಂದು ಹೆಸರಿಟ್ಟು ಸಾಮ್ರಾಟನಾದ. ಬೀಜಿಂಗ್ ವಶವಾಗುವ ಮುನ್ನಾ ವರ್ಷ, 1643ರಲ್ಲಿ, ತೀರಿಕೊಂಡ.

ಹಾಲೇರಿಯ ಕಥೆ ಇನ್ನೂ ಸ್ವಾರಸ್ಯಕರ: ಅಲ್ಲಿ ಬುನಾದಿ ಸೈನ್ಯವಲ್ಲ, ಭಕ್ತಿ. ಇಕ್ಕೇರಿ ಮನೆತನದ ವೀರರಾಜ ಸುಮಾರು 1600ರ ಹೊತ್ತಿಗೆ ಜಂಗಮ ವೇಷದಲ್ಲಿ ಬಂದು ನೆಲೆಸಿದನೆಂದು ಪ್ರತೀತಿ. ಭಕ್ತರು ಮೊದಲು ಕಾಣಿಕೆಯಾಗಿ ಭತ್ತ ಕೊಟ್ಟರು, ಆಮೇಲೆ ಕಾವಲಿಗೆ ನಿಂತರು; ಕೊನೆಗೆ ಸ್ಥಳೀಯ ನಾಯಕರನ್ನು ಅಡಗಿಸಿ ಅವನೇ ದೊರೆಯಾದ. ಲಿಂಗಾಯತ ಅರಸ, ಕೊಡವರೂ ಗೌಡರೂ ಪ್ರಜೆಗಳು! 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ಒಯ್ದ.

1834ರಲ್ಲಿ ಬ್ರಿಟಿಷರು ಹಾಲೇರಿಯ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಕಂದಾಯವನ್ನು ನಗದಿನಲ್ಲೇ ಕೊಡಬೇಕಾಗಿ ಬಂದ ರೈತರು 1837ರಲ್ಲಿ ದಂಗೆ ಎದ್ದು ಮಂಗಳೂರಿನವರೆಗೆ ನುಗ್ಗಿದರು. ಕಲ್ಯಾಣಸ್ವಾಮಿ ಎನಿಸಿಕೊಂಡ ಅವರ ಮುಂದಾಳುವಿನ ಹೆಸರಿನಲ್ಲೇ ಆ ಬಂಡಾಯವನ್ನು ಜನ ಇಂದಿಗೂ ಗುರುತಿಸುತ್ತಾರೆ.