ನೆಗಡಿ, ಕೆಮ್ಮಿಗೆಲ್ಲ ಆಂಟಿಬಯೋಟಿಕ್ ಬೇಡ



ಮಳೆ ಹಿಡಿದಾಗ, ಚಳಿ ಶುರುವಾದಾಗ ರಾಸುಗಳ ಮೂಗು ಸೋರುವುದು, ಕರುಗಳು ಕೆಮ್ಮುವುದು ಸಾಮಾನ್ಯ. ಆಗ "ಡಾಕ್ಟ್ರೇ, ಒಂದು ಆಂಟಿಬಯೋಟಿಕ್ ಚುಚ್ಚಿಬಿಡಿ" ಎಂದು ಕೇಳುವವರೇ ಹೆಚ್ಚು. ಅಂಗಡಿಯಿಂದ ಮದ್ದು ತಂದು ತಾವೇ ಚುಚ್ಚುವವರೂ ಇದ್ದಾರೆ.

ಸಾದಾ ನೆಗಡಿ ಬಹುಮಟ್ಟಿಗೆ ವೈರಸ್‌ನಿಂದ ಬರುತ್ತದೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ವೈರಸ್ಸಿನ ಮೇಲೆ ಅದರ ಆಟ ನಡೆಯದು. ಒಂದು ವಾರ, ಹತ್ತು ದಿನಗಳಲ್ಲಿ ರಾಸು ತನ್ನ ಶಕ್ತಿಯಿಂದಲೇ ಗುಣವಾಗುತ್ತದೆ. ಅನಗತ್ಯವಾಗಿ ಚುಚ್ಚಿಸಿದರೆ ಹಣ ದಂಡ. ಮದ್ದಿನ ಅಂಶ ಹಾಲಿಗಿಳಿಯುತ್ತದೆ. ಅಂಥ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ. ಪದೇ ಪದೇ ಬಳಸಿದರೆ ಬ್ಯಾಕ್ಟೀರಿಯಾಗಳು ಮದ್ದಿಗೆ ಒಗ್ಗಿಕೊಂಡು, ನಾಳೆ ಕೆಚ್ಚಲು ಬಾವು ಬಂದಾಗ ಅದೇ ಮದ್ದು ನಾಟದೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು?

1. ನೆಗಡಿಯಾದ ರಾಸನ್ನು ಬೇರೆ ಕಟ್ಟಿ. ನೀರಿನ ಬಕೆಟ್ಟೂ ಬೇರೆ ಇರಲಿ.

2. ನೆಲ ಒಣಗಿರಲಿ, ಕೊಟ್ಟಿಗೆಯಲ್ಲಿ ಗಾಳಿಯಾಡಲಿ. ಸೊಳ್ಳೆಗೆಂದು ದಟ್ಟ ಹೊಗೆ ಹಾಕಬೇಡಿ.

3. ಧೂಳಿನ ಹೊಟ್ಟನ್ನು ನೀರು ಚಿಮುಕಿಸಿ ಕೊಡಿ. ಕುಡಿಯಲು ಉಗುರುಬೆಚ್ಚಗಿನ ನೀರಿಡಿ.

4. ಕೆಮ್ಮುವ ರಾಸಿಗೆ ಗೊಟ್ಟದಲ್ಲಿ ಕಷಾಯ, ಎಣ್ಣೆ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ದಿನಕ್ಕೆರಡು ಸಲ ಥರ್ಮಾಮೀಟರಿನಿಂದ ಗುದದ್ವಾರದಲ್ಲಿ ಜ್ವರ ನೋಡಿ. ಹಸುವಿನ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಿಂದ ಬಂದ ರಾಸನ್ನು ನೆರಳಿನಲ್ಲಿ ಸುಧಾರಿಸಲು ಬಿಟ್ಟು ಆಮೇಲೆ ನೋಡಿ.

ಜ್ವರ 104 ದಾಟಿದರೆ, ಸಿಂಬಳ ಹಳದಿಯಾಗಿ ಗಟ್ಟಿಯಾದರೆ, ರಾಸು ಕತ್ತು ಚಾಚಿ ಏದುಸಿರು ಬಿಟ್ಟರೆ, ಮೇವು ಮತ್ತು ಮೆಲುಕು ನಿಲ್ಲಿಸಿದರೆ, ಕರು ಹಾಲು ಕುಡಿಯದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ವೈರಸ್ಸಿನಿಂದ ಬಳಲಿದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆಗಿರಬಹುದು. ಆಗ ಆಂಟಿಬಯೋಟಿಕ್ ಬೇಕೇ ಬೇಕು. ವೈದ್ಯರು ಹೇಳಿದಷ್ಟು ದಿನವೂ ಕೊಡಿಸಬೇಕು. ಜ್ವರದೊಡನೆ ಗಂಟಲು ಊದಿದರೆ ಗಳಲೆ ರೋಗವಿರಬಹುದು. ಅದು ಒಂದೇ ದಿನದಲ್ಲಿ ರಾಸನ್ನು ಕೊಲ್ಲಬಲ್ಲದು. ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸಿ. ಜ್ವರವಿಲ್ಲದೆ ಕರು ವಾರಗಟ್ಟಲೆ ಕೆಮ್ಮುತ್ತಿದ್ದರೆ ಶ್ವಾಸಕೋಶದ ಜಂತುಹುಳುವಿರಬಹುದು. ಅದರ ಔಷಧಿಯೇ ಬೇರೆ.

ಮದ್ದು ಕೊಡಿಸಿದಾಗ ಎಷ್ಟು ದಿನ ಹಾಲು ಹಾಕಬಾರದೆಂದು ವೈದ್ಯರನ್ನು ಕೇಳಿ, ಗೋಡೆಯ ಮೇಲೆ ಬರೆದಿಡಿ. ಆ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ. ನಿಮ್ಮೊಬ್ಬರ ಕ್ಯಾನಿನ ಹಾಲು ಇಡೀ ಊರಿನ ಹಾಲಿನೊಡನೆ ಬೆರೆಯುತ್ತದೆ ಎಂಬುದು ನೆನಪಿರಲಿ.